ಮುತ್ತು ಕಟ್ಟಿಸಿಕೊಳ್ಳದವರಿಗೆ ಊರಿನಲ್ಲಿ ಜಾಗವಿದೆಯೇ?

ಗುಡ್ಡದ ದಾರಿ (ಚರ್ಚೆ ಆರಂಭಿಸಿದವರು):

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕಾಗಲಿ ತುಂಗಭದ್ರೆಯ ದಂಡೆಯ ಹುಲಿಗಿಗಾಗಲಿ ಹುಣ್ಣಿಮೆಯ ಹೊತ್ತಿಗೆ ಹೋಗಿಬಂದವರಿಗೆ ಜೋಗಪ್ಪಂದಿರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಗಂಡಾಗಿ ಹುಟ್ಟಿದವರು ದೇವಿ ತಮ್ಮನ್ನು ಹಿಡಿದಳೆಂದು ನಂಬಿ, ಅಥವಾ ಮನೆಯವರು ಹಾಗೆ ನಂಬಿ, ಕೆಂಪು ಬಿಳಿ ಮಣಿಗಳ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಹಣೆ ತುಂಬ ಭಂಡಾರ ಹಚ್ಚಿಕೊಂಡು, ಚೌಡಿಕೆ ಎಂಬ ವಾದ್ಯದ ಲಯಕ್ಕೆ ತಲೆಯ ಮೇಲಿನ ಕೊಡ ಕದಲದಂತೆ ಕುಣಿಯುವುದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಮನೆಗಳ ಹಿರಿಯರು ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡದ್ದನ್ನೂ ನೋಡಿದ್ದೇವೆ. ಅದೇ ಹಿರಿಯರು ಬಸ್‌ನಿಲ್ದಾಣದಲ್ಲಿ ಸೀರೆ ಉಟ್ಟು ನಿಂತ, ಆದರೆ ಕೊರಳಲ್ಲಿ ಮುತ್ತಿಲ್ಲದ ಇನ್ನೊಬ್ಬರನ್ನು ಕಂಡರೆ ಮಕ್ಕಳನ್ನು ಈಚೆಗೆ ಎಳೆದುಕೊಳ್ಳುತ್ತಾರೆ. ಈ ಎರಡು ನಡವಳಿಕೆಗಳನ್ನು ಒಟ್ಟಿಗೆ ಇಟ್ಟು ಚರ್ಚಿಸಬೇಕೆಂಬುದು ನನ್ನ ಆಸೆ.

ಮಂಜಮ್ಮ ಜೋಗತಿಯವರ ಬದುಕು ಈಗ ನಾಡಿಗೆಲ್ಲ ಗೊತ್ತಿರುವಂಥದ್ದು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿ ಎಂಬ ಹೆಸರಿನಲ್ಲಿ ಹುಟ್ಟಿದ ಅವರಿಗೆ ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಹರಿದು, ಸೀರೆ, ಕುಪ್ಪಸ, ಬಳೆ ತೊಡಿಸಿ ಮುತ್ತು ಕಟ್ಟಿದರು. ಆಗ ತಾಯಿ ಅತ್ತದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಮುಂದೆ ಕಾಳವ್ವ ಜೋಗತಿಯವರಲ್ಲಿ ಕುಣಿತ ಕಲಿತು, 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ಆ ಕ್ಷಣದ ಚಿತ್ರ ನಮ್ಮೆಲ್ಲರ ಫೋನಿಗೂ ಬಂದಿತ್ತು. ಅದನ್ನು ಹಂಚಿಕೊಂಡವರಲ್ಲಿ ಎಷ್ಟು ಮಂದಿ ತಮ್ಮ ಮನೆಯ ಮೇಲ್ಮಹಡಿಯನ್ನು ಅಂಥ ಒಬ್ಬರಿಗೆ ಬಾಡಿಗೆಗೆ ಕೊಟ್ಟಾರು ಎಂಬುದು ಬೇರೆ ಮಾತು.

ನನ್ನ ಪ್ರಶ್ನೆ ಇಷ್ಟೇ. ದೇವಿಯ ಹೆಸರಿನಲ್ಲಿ ಸೀರೆ ಉಟ್ಟವರಿಗೆ ನಮ್ಮ ಊರುಗಳು ಒಂದು ಜಾಗ ಕೊಟ್ಟಿವೆ, ನಿಜ. ದೇವಿಯ ಅಪ್ಪಣೆಯಿಲ್ಲದೆ, ತನ್ನ ಮನಸ್ಸು ಹೀಗಿದೆ ಎಂಬ ಒಂದೇ ಕಾರಣಕ್ಕೆ ಹಾಗೆ ಬದುಕಬೇಕೆನ್ನುವವರಿಗೆ ಆ ಜಾಗ ಇದೆಯೇ? ಇಲ್ಲವಾದರೆ ಜೋಗಪ್ಪ ಪರಂಪರೆಯನ್ನು ನಮ್ಮ ಉದಾರತೆಯ ಸಾಕ್ಷಿಯಾಗಿ ಮುಂದಿಡುವುದು ಎಷ್ಟು ಸರಿ?

ನಿವೃತ್ತ ಮೇಷ್ಟ್ರು:

ಗುಡ್ಡದ ದಾರಿಯವರ ಪ್ರಶ್ನೆ ಗಂಭೀರವಾದದ್ದು. ಆದರೆ ಅದರೊಳಗೆ ಒಂದು ಆತುರವೂ ಇದೆ ಎನಿಸುತ್ತದೆ. ನಾನು ಕೊಪ್ಪಳ ಭಾಗದ ಹಳ್ಳಿಗಳಲ್ಲಿ ಹೈಸ್ಕೂಲು ಮಾಸ್ತರನಾಗಿ ದುಡಿದವನು. ನಡಿಗೆ, ಮಾತು, ಕೈ ತಿರುವುವ ರೀತಿ ಬೇರೆಯಾಗಿದ್ದ ಹುಡುಗರನ್ನು ತಂದೆಯಾದವನು ಹಗ್ಗದಲ್ಲಿ ಬಾರಿಸಿದ್ದನ್ನು ಕಂಡಿದ್ದೇನೆ. ಅದೇ ಹುಡುಗನಿಗೆ ಮುತ್ತು ಕಟ್ಟಿದ ಮೇಲೆ ಅದೇ ತಂದೆ ಅವನ ಎದುರು ಕೈಮುಗಿದು ನಿಂತದ್ದನ್ನೂ ಕಂಡಿದ್ದೇನೆ. ಹಗ್ಗ ಹಿಡಿದ ಕೈ ಮುಗಿಯುವಂತೆ ಮಾಡುವ ಶಕ್ತಿ ಯಾವ ಕಾಯ್ದೆಗಿದೆ, ಯಾವ ಭಾಷಣಕ್ಕಿದೆ? ನಮ್ಮ ಹಿರಿಯರು ಪುಸ್ತಕ ಓದಿದವರಲ್ಲ. ಅವರಿಗೆ ತಿಳಿದ ಭಾಷೆ ದೇವರದ್ದು. ಆ ಭಾಷೆಯಲ್ಲಿಯೇ ಅವರು ಇಂಥ ಮಕ್ಕಳಿಗೆ ಒಂದು ರಕ್ಷಣೆಯನ್ನು ಕಟ್ಟಿಕೊಟ್ಟರು.

ಈಗ ನಗರಗಳಲ್ಲಿ ನಡೆಯುವ ಚರ್ಚೆಗಳನ್ನು ಓದಿದರೆ ಎಲ್ಲವನ್ನೂ ವ್ಯಕ್ತಿಯ ಇಷ್ಟ, ವ್ಯಕ್ತಿಯ ಹಕ್ಕು ಎಂದು ಬಿಡಿಸಿ ಹೇಳುತ್ತಾರೆ. ಹಳ್ಳಿಯಲ್ಲಿ ಇಷ್ಟವೆಂದರೆ ಹಟ ಎಂದು ಅರ್ಥವಾಗುತ್ತದೆ. ದೇವಿಯನ್ನು ತೆಗೆದುಹಾಕಿ ಹಕ್ಕನ್ನು ಇಟ್ಟರೆ ಆ ಹುಡುಗನಿಗೆ ಮೊದಲು ಸಿಗುವುದು ಮತ್ತೆ ಹಗ್ಗವೇ ಆದೀತು ಎಂಬ ಭಯ ನನ್ನದು. ಪರಂಪರೆಯ ಕೊರತೆಗಳನ್ನು ಒಪ್ಪುತ್ತಲೇ ಅದು ಮಾಡಿದ ಕೆಲಸಕ್ಕೆ ಬೆಲೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಮಂಗಳವಾರದ ಮನೆ:

ಮೇಷ್ಟ್ರೇ, ನೀವು ಬರೆದ ಆ ಕೈಮುಗಿಯುವ ತಂದೆ ನಮ್ಮ ಮನೆಯಲ್ಲಿಯೂ ಇದ್ದರು. ನನ್ನ ದೊಡ್ಡಣ್ಣ ಮುತ್ತು ಕಟ್ಟಿಸಿಕೊಂಡವರು. ಊರಿಗೆ ಅವರು ಯಲ್ಲವ್ವ, ನನಗೆ ಈಗಲೂ ಅಣ್ಣ. ಅವರಿಗೆ ಈ ಎರಡೂ ಒಪ್ಪಿಗೆ. ಅವರ ಅನುಮತಿ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಲೆಯಲ್ಲಿ ಜಡೆ ಕಟ್ಟಿತು, ಮೈಮೇಲೆ ಗಂಧೆ ಎದ್ದಿತು. ಊರಿನ ಹಿರಿಯರು ಅದನ್ನು ಅಮ್ಮನ ಗುರುತು ಎಂದರು. ಅದಕ್ಕೆ ಮೊದಲೇ ಅವರು ಅವ್ವನ ಹಳೆಯ ಸೀರೆಯನ್ನು ಅಟ್ಟದ ಮೇಲೆ ಉಟ್ಟು ನೋಡುತ್ತಿದ್ದುದು ನನಗೆ ಗೊತ್ತಿತ್ತು. ಜಡೆ ಬಾರದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೊಡೆತ ನಿಂತದ್ದು ನಿಜ. ಮಂಗಳವಾರ, ಶುಕ್ರವಾರ ನಡುಮನೆಯಲ್ಲಿ ಅವರಿಗೆ ಮಣೆ ಹಾಕುತ್ತಿದ್ದರು. ಪಡ್ಡಲಗಿಯನ್ನು, ಎಂದರೆ ದೇವಿಯ ಬುಟ್ಟಿಯನ್ನು, ದೇವರ ಜಗುಲಿಯ ಮೇಲೆ ಇಟ್ಟು, ಬಂದವರೆಲ್ಲ ಅವರಿಂದ ಭಂಡಾರ ಹಚ್ಚಿಸಿಕೊಂಡು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಅವರ ತಟ್ಟೆ ಹಿತ್ತಿಲಿನ ಗೂಡಿನಲ್ಲಿ ಬೇರೆಯಾಗಿಯೇ ಇರುತ್ತಿತ್ತು. ನನ್ನ ಮದುವೆಯ ಮಾತುಕತೆಗೆ ಗಂಡಿನ ಕಡೆಯವರು ಬಂದಾಗ ಅವರನ್ನು ಚಿಕ್ಕಮ್ಮನ ಊರಿಗೆ ಕಳಿಸಿದರು. ಮದುವೆಯ ದಿನ ಚಪ್ಪರಕ್ಕೆ ಬಂದು ಹರಸಿ ಹೋಗೆಂದು ಅದೇ ಬೀಗರ ಎದುರು ಕರೆಸಿದರು. ದೇವಿಯಾಗಿ ಬರಬಹುದು, ಅಣ್ಣನಾಗಿ ಬರುವಂತಿಲ್ಲ ಎಂಬುದು ಅವತ್ತಿನ ಲೆಕ್ಕ.

ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿ ಅಂಕ ತೆಗೆದವರು. ಕಾಲೇಜಿಗೆ ಹೋಗಬೇಕೆಂದಾಗ, ಮುತ್ತು ಕಟ್ಟಿದವರು ಪಡ್ಡಲಗಿ ಹಿಡಿದು ಜೋಗಕ್ಕೆ (ದೇವಿಯ ಹೆಸರಿನ ಭಿಕ್ಷೆಗೆ) ಹೋಗಬೇಕಲ್ಲದೆ ಬೆಂಚಿನ ಮೇಲೆ ಕೂರುವುದು ಎಲ್ಲಿಯ ಪದ್ಧತಿ ಎಂದು ಕೇಳಿದವರು ಅವರನ್ನು ಗೌರವಿಸುತ್ತಿದ್ದ ಅದೇ ಜನ. ಮೇಷ್ಟ್ರೇ, ರಕ್ಷಣೆ ಸಿಕ್ಕಿತು ಎಂಬ ನಿಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆ ರಕ್ಷಣೆಗೆ ಪ್ರತಿಯಾಗಿ ಅವರು ಏನೇನು ಬಿಟ್ಟುಕೊಟ್ಟರು ಎಂಬುದನ್ನು ಊರು ಕೇಳಲಿಲ್ಲ.

ಎರಡನೇ ಬೆಂಚು:

ಇಲ್ಲಿಯವರೆಗಿನ ಬರಹಗಳಲ್ಲಿ ನನ್ನಂಥವರು ಎಲ್ಲಿಯೂ ಬರಲಿಲ್ಲ. ಬಾರದಿರುವುದಕ್ಕೆ ಕಾರಣ ಪರಂಪರೆಯಲ್ಲೇ ಇದೆ. ನಾನು ಹೆಣ್ಣೆಂದು ಬೆಳೆಸಲ್ಪಟ್ಟ ಗಂಡಸು. ಗಂಡಾಗಿ ಹುಟ್ಟಿ ಹೆಣ್ಣಿನ ಉಡುಗೆ ತೊಟ್ಟವರನ್ನು ಯಲ್ಲಮ್ಮನೋ ಹುಲಿಗೆಮ್ಮನೋ ಕರೆದಳೆಂದು ಹೇಳುವ ದಾರಿಯೊಂದಿದೆ. ಹೆಣ್ಣಾಗಿ ಹುಟ್ಟಿ ಪಂಚೆ ಉಟ್ಟು ಮೀಸೆ ಬಿಡಬೇಕೆನ್ನುವವರನ್ನು ಕರೆಯುವ ದೇವರು ನಮ್ಮ ಸೀಮೆಯಲ್ಲಿ ನನಗೆ ಸಿಗಲಿಲ್ಲ. ಹೆಣ್ಣುಮಗುವಿಗೆ ಮುತ್ತು ಕಟ್ಟಿದರೆ ಏನಾಗುತ್ತಿತ್ತೆಂಬುದು ಈ ಭಾಗದವರಿಗೆಲ್ಲ ಗೊತ್ತು; ಅದನ್ನು ತಡೆಯುವುದಕ್ಕೇ ದೇವದಾಸಿಯರನ್ನಾಗಿ ಸಮರ್ಪಿಸುವುದನ್ನು ನಿಷೇಧಿಸುವ 1982ರ ಕಾಯ್ದೆ ಬಂದದ್ದು. ಒಂದೇ ಗುಡ್ಡದಲ್ಲಿ, ಒಂದೇ ಮಣಿಯ ಸರದಿಂದ, ಒಬ್ಬರಿಗೆ ಸೀರೆ ಉಡುವ ಅವಕಾಶ ಸಿಕ್ಕಿದರೆ ಇನ್ನೊಬ್ಬರ ಮೈಯೇ ಊರಿನ ಸೊತ್ತಾಯಿತು.

ನನ್ನ ಮನೆಯಲ್ಲಿ ಜಗಳ ಶುರುವಾದದ್ದು ಕೂದಲಿನಿಂದ. ಹೈಸ್ಕೂಲಿನಲ್ಲಿ ಎರಡು ಜಡೆ, ಜಡೆಗೆ ರಿಬ್ಬನ್ನು ಕಡ್ಡಾಯ; ನಾನು ಒಂದು ಬೇಸಿಗೆ ರಜೆಯಲ್ಲಿ ಕ್ಷೌರದಂಗಡಿಗೆ ಹೋಗಿ ಕತ್ತರಿಸಿಕೊಂಡು ಬಂದೆ. ತಿರುಪತಿಗೆ ಮುಡಿ ಕೊಟ್ಟದ್ದೆಂದು ಅವ್ವ ಬಂದವರಿಗೆಲ್ಲ ಹೇಳಿದಳು. ನೋಡಿ, ಅಲ್ಲಿಯೂ ದೇವರೇ ಬೇಕಾಯಿತು! ಕೂದಲು ಮತ್ತೆ ಬೆಳೆಯುವ ಹೊತ್ತಿಗೆ ಆ ಸುಳ್ಳೂ ಮುಗಿದು, ಗಂಡು ನೋಡುವ ಮಾತು ಎದ್ದಿತು. ಬೆಂಗಳೂರಿಗೆ ಬಂದು ದುಡಿಯತೊಡಗಿದ ಮೇಲೆಯೇ ನಾನು ನನ್ನ ಹೆಸರಿನಲ್ಲಿ ಬದುಕುತ್ತಿರುವುದು.

ನಗರದ ಜನ ನಮ್ಮನ್ನು ಸುಲಭವಾಗಿ ಗುರುತಿಸುವುದಿಲ್ಲ. ಅಂಗಿ ಪ್ಯಾಂಟು ತೊಟ್ಟ ಕುಳ್ಳ ಗಂಡಸೆಂದು ಸುಮ್ಮನಾಗುತ್ತಾರೆ. ಆದ್ದರಿಂದ ನಮಗೆ ಚಪ್ಪಾಳೆಯ ಅಪಮಾನವಿಲ್ಲ, ಜೋಗಪ್ಪಂದಿರಿಗೆ ಸಿಗುವ ನಮಸ್ಕಾರವೂ ಇಲ್ಲ. ಬ್ಯಾಂಕಿನಲ್ಲಿ, ಬಾಡಿಗೆ ಕರಾರಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಹಳೆಯ ಹೆಸರು ಹೊರಬಿದ್ದಾಗ ಮಾತ್ರ ಎದುರಿನವರ ಮುಖ ಬದಲಾಗುತ್ತದೆ. ಕಾನೂನು ತಿಳಿದವರು ಯಾರಾದರೂ ಇಲ್ಲಿದ್ದರೆ ಒಂದು ಪ್ರಶ್ನೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ತಿದ್ದಿಸುವುದು ಹೇಗೆ? ಉಳಿದ ಕಡೆಗಳಲ್ಲೆಲ್ಲ ಅದನ್ನೇ ಮೊದಲು ಕೇಳುತ್ತಾರೆ.

ನಿವೃತ್ತ ಮೇಷ್ಟ್ರು:

ಎರಡನೇ ಬೆಂಚಿನವರ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಆ ಮಣಿ ಏನು ಮಾಡಿತೆಂಬುದಕ್ಕೆ ನಾನೂ ಸಾಕ್ಷಿ. ಅದನ್ನು ಸಮರ್ಥಿಸುವ ಮಾತೇ ಇಲ್ಲ. ಆದರೂ ನನ್ನ ಮೂಲ ಪ್ರಶ್ನೆ ಉಳಿದೇ ಇದೆ. ದೇವಿಯ ಜಾಗಕ್ಕೆ ಕಾನೂನು ಬಂದರೆ ಅದೂ ಒಂದು ಚೌಕಟ್ಟನ್ನೇ ಹಾಕುವುದಿಲ್ಲವೇ? ಗುಡ್ಡದ ಪೂಜಾರಿ ಕೇಳುತ್ತಿದ್ದ ಗುರುತನ್ನು ಈಗ ಕಚೇರಿಯ ಗುಮಾಸ್ತರು ಕೇಳುವಂತಾದರೆ ಆದ ಲಾಭವೇನು?

ಕರಿಕೋಟು:

ಮೇಷ್ಟ್ರ ಪ್ರಶ್ನೆ ಸರಿಯಾದ ಕಡೆಗೇ ತಟ್ಟಿದೆ; ಕಾನೂನಿನ ಒಳಗೆ ನಡೆದ ಜಗ್ಗಾಟವೂ ಅದೇ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಎ. ಕೆ. ಸಿಕ್ರಿ ಅವರ ಪೀಠವು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದಲ್ಲಿ ಕೊಟ್ಟ ತೀರ್ಪಿನ ತಿರುಳು, ತಾನು ಗಂಡೋ ಹೆಣ್ಣೋ ಮೂರನೆಯ ಲಿಂಗದವರೋ ಎಂಬುದನ್ನು ಹೇಳಬೇಕಾದವರು ಆ ವ್ಯಕ್ತಿಯೇ ಎಂಬುದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಾ ಎಂದು ಒತ್ತಾಯಿಸುವುದು ಕಾನೂನಿಗೆ ವಿರುದ್ಧವೆಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಜೋಗಪ್ಪಂದಿರ ವಿಷಯದಲ್ಲಿ ಈ ಮಾತು ಬಹಳ ಮುಖ್ಯ, ಏಕೆಂದರೆ ಹಿಜಡಾ ಸಮುದಾಯದಲ್ಲಿರುವ ನಿರ್ವಾಣದ, ಎಂದರೆ ಜನನಾಂಗ ತೆಗೆಸಿಕೊಳ್ಳುವ, ಪದ್ಧತಿ ಜೋಗಪ್ಪ ಪರಂಪರೆಯ ಭಾಗವಲ್ಲ. ಮೈ ಬದಲಿಸಿಕೊಂಡಿದ್ದೀಯಾ ಎಂದು ಕೇಳುವ ಕಾನೂನಿನಲ್ಲಿ ಅವರಿಗೆ ಜಾಗವೇ ಇರುವುದಿಲ್ಲ.

ಆಮೇಲೆ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ಸಂಸತ್ತು 2019ರಲ್ಲಿ ಮಾಡಿದ ಕಾಯ್ದೆ ತೀರ್ಪಿಗಿಂತ ಹಿಂದಕ್ಕೆ ಸರಿಯಿತು ಎಂಬುದು ನನ್ನ ಅಭಿಪ್ರಾಯ. ಅದು ಜಿಲ್ಲಾಧಿಕಾರಿಯ ಪ್ರಮಾಣಪತ್ರವನ್ನು ನಡುವೆ ತಂದಿತು. ಗಂಡು ಅಥವಾ ಹೆಣ್ಣು ಎಂದೇ ಬರೆಸಿಕೊಳ್ಳಬೇಕಾದವರಿಗೆ ಚಿಕಿತ್ಸೆಯ ದಾಖಲೆಯನ್ನೂ ಕೇಳಿತು. ಇದೇ ಕಾಯ್ದೆ ಬಂದಾಗ ಅದರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗರಿಷ್ಠ ಶಿಕ್ಷೆ ಎರಡು ವರ್ಷವಿತ್ತು. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಇರುವ ಶಿಕ್ಷೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ, ಶಾಸನ ಬರೆದವರ ಮನಸ್ಸಿನಲ್ಲಿ ಈ ಜನರ ಮೈಗೆ ಎಷ್ಟು ಬೆಲೆಯಿತ್ತೆಂಬುದು ತಿಳಿಯುತ್ತದೆ.

ನಮ್ಮ ರಾಜ್ಯದ ಚರಿತ್ರೆಯೂ ಏರುಪೇರಿನದ್ದೇ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಎಂಬ ಕಲಂ ಸೇರಿಸಿ, ಈ ಸಮುದಾಯದವರ ಹೆಸರು ವಿಳಾಸಗಳ ದಫ್ತರು ಇಡುವ ಅಧಿಕಾರವನ್ನು ಪೊಲೀಸ್ ಆಯುಕ್ತರಿಗೆ ಕೊಡಲಾಗಿತ್ತು. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗದಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಹೈಕೋರ್ಟಿನಲ್ಲಿ ಪ್ರಶ್ನೆಯಾದ ಮೇಲೆ ಸಮುದಾಯವನ್ನು ಹೆಸರಿಸುವ ಪದವನ್ನು ಆ ಕಲಮಿನಿಂದ ತೆಗೆಯಲಾಯಿತು. ಅದೇ ರಾಜ್ಯ 2017ರಲ್ಲಿ ಈ ಸಮುದಾಯಕ್ಕೊಂದು ನೀತಿಯನ್ನು ರೂಪಿಸಿ, 2021ರ ಜುಲೈನಲ್ಲಿ ಸಿವಿಲ್ ಸೇವೆಗಳ ನೇಮಕಾತಿಯಲ್ಲಿ ಎಲ್ಲ ಪ್ರವರ್ಗಗಳೊಳಗೂ ಶೇಕಡಾ 1ರ ಸಮತಲ ಮೀಸಲಾತಿ ತಂದಿತು. ದೇಶದಲ್ಲಿ ಇದು ಮೊದಲನೆಯದು. ಮರುವರ್ಷದ ಪದವೀಧರ ಪ್ರಾಥಮಿಕ ಶಿಕ್ಷಕರ ಆಯ್ಕೆಪಟ್ಟಿಯಲ್ಲಿ ಮೂವರು ಈ ಸಮುದಾಯದವರಿದ್ದರು. ಮೇಷ್ಟ್ರೇ, ಗುಮಾಸ್ತರು ಗುರುತು ಕೇಳುವುದರಿಂದ ಆದ ಲಾಭವೇನೆಂದು ಕೇಳಿದಿರಿ. ಆ ಮೂವರನ್ನು ಯಾರೂ ಹರಸೆಂದು ಕರೆಯುವುದಿಲ್ಲ. ಅವರು ಹಾಜರಿ ಹಾಕಿ, ಪಾಠ ಮಾಡಿ, ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುತ್ತಾರೆ. ಗುಮಾಸ್ತರ ತಪ್ಪನ್ನು ಪ್ರಶ್ನಿಸಿ ಮೇಲ್ಮನವಿ ಹಾಕಬಹುದು, ಪೂಜಾರಿಯ ಮೇಲೆ ಹಾಕಲಾಗದು.

ಅಂಕಪಟ್ಟಿಯ ಪ್ರಶ್ನೆಗೆ ಕೆಳಗೆ ಬೇರೆಯಾಗಿ ಉತ್ತರಿಸುತ್ತೇನೆ.

ರಂಗಸಜ್ಜಿಕೆ:

ನಮ್ಮಲ್ಲಿ ಇಂಥ ಅವಕಾಶ ಕೊಟ್ಟ ಇನ್ನೊಂದು ಜಾಗ ರಂಗಭೂಮಿ, ಅಲ್ಲಿಯೂ ಷರತ್ತಿತ್ತು. ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾಯರಂಥವರ ಸ್ತ್ರೀವೇಷವನ್ನು ನೋಡಲು ಜನ ರಾತ್ರಿಯಿಡೀ ಕೂರುತ್ತಿದ್ದರು. ಗಂಡಸಿನ ಹೆಣ್ತನವನ್ನು ಅಷ್ಟು ಮೆಚ್ಚಿದ ಪ್ರೇಕ್ಷಕರು, ಚೌಕಿಯಲ್ಲಿ ಬಣ್ಣ ತೊಳೆದ ಮೇಲೆಯೂ ನಡಿಗೆಯಲ್ಲಿ ಅದರ ಸುಳಿವು ಉಳಿಸಿಕೊಂಡ ಹುಡುಗ ಕಲಾವಿದನನ್ನು ಕಂಡರೆ ಮರುದಿನ ಚಹಾದಂಗಡಿಯಲ್ಲಿ ಗೇಲಿ ಮಾಡುತ್ತಿದ್ದರು. ಅತ್ತ ಹೆಂಗಸರಿಗೆ ಮೇಳದ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಲೀಲಾವತಿ ಬೈಪಡಿತ್ತಾಯರು ಭಾಗವತಿಕೆಗೆ ಕುಳಿತು, ವೃತ್ತಿಮೇಳಗಳಲ್ಲಿ ಜಾಗಟೆ ಹಿಡಿದು ಗಂಡಸರನ್ನು ಕುಣಿಸಿದ್ದು ಸಣ್ಣ ಸಂಗತಿಯಲ್ಲ.

ವೃತ್ತಿರಂಗಭೂಮಿಯಲ್ಲಿ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಎಲ್ಲ ಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದರು. ತಾವೇ ಕಂಸನಾಗಿ ಮೀಸೆ ತಿರುವಿ ಗದೆ ಎತ್ತಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರನ್ನು ಈ ಚರ್ಚೆಯ ಅರ್ಥದಲ್ಲಿ ಲಿಂಗ ಗುರುತು ಬೇರೆಯಾದವರೆಂದು ನಾನು ಹೇಳುತ್ತಿಲ್ಲ. ಗಂಡಸುತನವೆಂದು ನಾವು ಪೂಜಿಸುವ ಆ ಗತ್ತು, ದನಿ, ಹೆಜ್ಜೆಗಳು ಕಲಿತರೆ ಬರುವ ವಿದ್ಯೆ ಎಂದು ಅವರ ಮಂಡಳಿ ಊರೂರಿನಲ್ಲಿ ಟಿಕೆಟ್ ಇಟ್ಟು ತೋರಿಸಿತು. ನೋಡಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗಿ, ಮಗಳು ಕಾಲ ಮೇಲೆ ಕಾಲು ಹಾಕಿ ಕೂತದ್ದಕ್ಕೆ ಬೈದಿರಬಹುದು.

ಹೆಸರು ಬೇಡ:

ಇಷ್ಟು ಹೊತ್ತು ಓದುತ್ತಿದ್ದೆ, ಬರೆಯುವ ಧೈರ್ಯವಿರಲಿಲ್ಲ. ನನ್ನ ಮಗ ಎಂಟನೆಯ ತರಗತಿಯಲ್ಲಿದ್ದಾನೆ. ಅಂಗಳಕ್ಕೆ ರಂಗೋಲಿ ಹಾಕುವುದು, ತಂಗಿಗೆ ಮೆಹಂದಿ ಬಿಡಿಸುವುದು ಅವನಿಗೆ ಇಷ್ಟ. ಚುಕ್ಕಿ ಎಣಿಸದೆಯೇ ಎಳೆ ಎಳೆಯುವಷ್ಟು ಕೈ ಪಳಗಿದೆ. ಕ್ರಿಕೆಟ್ಟನ್ನೂ ಆಡುತ್ತಾನೆ. ಶಾಲೆಯಿಂದ ಡೈರಿಯಲ್ಲಿ, ಹುಡುಗನ ಹವ್ಯಾಸಗಳ ಕಡೆ ಪೋಷಕರು ಗಮನ ಹರಿಸಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದಾರೆ. ನಮ್ಮ ತಂದೆಯವರು ರಂಗೋಲಿ ಪುಡಿಯ ಡಬ್ಬಿಯನ್ನೇ ಎತ್ತಿಟ್ಟಿದ್ದಾರೆ. ಅವನು ಮುಂದೆ ಏನಾಗುತ್ತಾನೆಂದು ನನಗೆ ಗೊತ್ತಿಲ್ಲ. ನಾನು ಈಗ ಅವನೊಡನೆ ಈ ವಿಷಯ ಮಾತನಾಡಬೇಕೇ, ವೈದ್ಯರಿಗೆ ತೋರಿಸಬೇಕೇ?

ಎರಡನೇ ಬೆಂಚು:

ಸರ್, ರಂಗೋಲಿ ಹಾಕುವುದಕ್ಕೆ ವೈದ್ಯರು ಬೇಡ. ಡಬ್ಬಿಯನ್ನು ವಾಪಸು ಕೊಡಿಸಿ. ನಿಮ್ಮ ಮಗ ಬಣ್ಣದ ಮೇಲೆ ಪ್ರೀತಿಯಿರುವ ಹುಡುಗ ಮಾತ್ರವೇ ಇರಬಹುದು, ಅಥವಾ ಮುಂದೊಂದು ದಿನ ಬಂದು ಬೇರೆ ಏನನ್ನಾದರೂ ಹೇಳಬಹುದು. ಅವನು ಹೇಳುವವರೆಗೆ ನೀವೂ ಹೇಳಬೇಡಿ, ನಾವೂ ಹೇಳುವುದು ಬೇಡ. ನಮ್ಮ ಪರವಾಗಿರುವವರು ಕೂಡ ಕೆಲವೊಮ್ಮೆ ಇಂಥ ಮಕ್ಕಳನ್ನು ಕಂಡ ಕೂಡಲೇ ಇವನು ನಮ್ಮವನು ಎಂದು ಎಣಿಸಿಬಿಡುತ್ತಾರೆ. ಗುಡ್ಡದಲ್ಲಿ ಜಡೆ ನೋಡಿ ದೇವಿಯ ಗುರುತು ಎನ್ನುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ನನಗೆ ಕಾಣುವುದಿಲ್ಲ. ನೀವು ನಿಜಕ್ಕೂ ಮಾತನಾಡಬೇಕಾದದ್ದು ಆ ಕೆಂಪು ಶಾಯಿಯವರೊಡನೆ. ಶಾಲೆಗೆ ಹೋಗಿ, ಮಗನ ಎದುರಿಗೇ, ಈ ಹವ್ಯಾಸಕ್ಕೆ ನಮ್ಮ ಒಪ್ಪಿಗೆ ಇದೆ ಎಂದು ಹೇಳಿ ಬನ್ನಿ. ನನ್ನ ಮನೆಯಿಂದ ಯಾರಾದರೂ ಒಮ್ಮೆ ಹಾಗೆ ಬಂದಿದ್ದರೆ ನಾನು ಆ ಊರು ಬಿಡುತ್ತಿರಲಿಲ್ಲ.

ಗುಡ್ಡದ ದಾರಿ:

ಚರ್ಚೆ ನಾನು ಎಣಿಸಿದ್ದಕ್ಕಿಂತ ಮುಂದೆ ಹೋಗಿದೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡನ್ನೂ ಬಿಟ್ಟು ಇತರರು ಎಂದು ಬರೆಸಿದವರು ದೇಶದಲ್ಲಿ ಸುಮಾರು 4.88 ಲಕ್ಷ, ಕರ್ನಾಟಕದಲ್ಲಿ 20,266. ಈ ಸಂಖ್ಯೆಯಲ್ಲಿ ಮಂಗಳವಾರದ ಮನೆಯವರ ಅಣ್ಣ ಇದ್ದಾರೆಯೇ ಎಂದು ಯೋಚಿಸಿದೆ. ಗಣತಿದಾರರು ಬಂದಾಗ ಉತ್ತರ ಹೇಳಿದವರು ಮನೆಯ ಯಜಮಾನರಾಗಿರುತ್ತಾರೆ. ದೇವಿಯೆಂದು ಕೈಮುಗಿಯುವ ಮನೆಯಲ್ಲಿಯೂ ಕಾಗದದ ಮೇಲೆ ಗಂಡು ಎಂದೇ ಬರೆಸಿರುವ ಸಂಭವ ಹೆಚ್ಚು. ಮಂಗಳವಾರದ ಮನೆಯವರೇ, ನಿಮ್ಮ ಅಣ್ಣನವರನ್ನೇ ಕೇಳಬಹುದಾದರೆ, ಈಗ ಅವರಿಗೆ ಬೇಕಾದದ್ದೇನು?

ಮಂಗಳವಾರದ ಮನೆ:

ಕೇಳಿದೆ. ಜನಗಣತಿಯ ವಿಷಯಕ್ಕೆ ನಕ್ಕುಬಿಟ್ಟರು. ಗಣತಿಯವರು ಬಂದ ದಿನ ಅವರು ಹುಲಿಗಿಯಲ್ಲಿದ್ದರಂತೆ. ಮುತ್ತು ತೆಗೆಯುವ ಆಸೆಯಿದೆಯೇ ಎಂದೂ ಕೇಳಿದೆ. ಇಲ್ಲ ಎಂದರು. ಅಮ್ಮನ ಮೇಲೆ ಅವರಿಗೆ ನಿಜವಾದ ಭಕ್ತಿ ಇದೆ, ಚೌಡಿಕೆಯ ಪದಗಳು ಗಂಟೆಗಟ್ಟಲೆ ಬಾಯಲ್ಲಿ ಬರುತ್ತವೆ. ಆ ವಿದ್ಯೆಯನ್ನು ಬಿಟ್ಟು ತಾವಿಲ್ಲ ಎನ್ನುತ್ತಾರೆ. ಹುಡುಗರಿಗೆ ಕಲಿಸಬೇಕೆಂಬ ಆಸೆಯಿದೆ, ಆದರೆ ಕಲಿಯಲು ಬರುವವರಿಗೆ ಮುತ್ತು ಕಟ್ಟಬೇಕೆಂಬ ನಿಯಮ ಬೇಡವಂತೆ. ಇದನ್ನು ಮೇಷ್ಟ್ರು ಗಮನಿಸಬೇಕು. ಪರಂಪರೆಯನ್ನು ತೊರೆಯದೆಯೂ ಅದರ ಕಟ್ಟಳೆಯನ್ನು ಸಡಿಲಿಸಬಹುದೆಂದು ಅದರೊಳಗೇ ಬಾಳಿದವರು ಹೇಳುತ್ತಿದ್ದಾರೆ.

ಇನ್ನೊಂದು ವಿಷಯವಿದೆ; ಅವರು ಸಂಕೋಚದಿಂದ ಹೇಳಿದರು, ನಾನು ಸಂಕೋಚವಿಲ್ಲದೆ ಬರೆಯುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಪಾಲಾಗುತ್ತಿದೆ. ಅಜ್ಜನ ಕಾಲದ ನಾಲ್ಕು ಎಕರೆ ಹೊಲ, ಒಂದು ಮನೆ. ಉಳಿದ ಇಬ್ಬರು ಅಣ್ಣಂದಿರು ವಂಶವೃಕ್ಷಕ್ಕೆ ಅರ್ಜಿ ಕೊಡುವಾಗ ದೊಡ್ಡಣ್ಣನ ಹೆಸರನ್ನು ಬಿಟ್ಟಿದ್ದಾರೆ. ದೇವರಿಗೆ ಬಿಟ್ಟವರಿಗೆ ಹೊಲವೇಕೆ, ಮುಂದೆ ಹೆಂಡತಿ ಮಕ್ಕಳಿಲ್ಲವಲ್ಲ ಎಂಬುದು ಅವರ ವಾದ. ಮಗನೆಂದು ಕೇಳಿದರೆ ಸೀರೆ ತೋರಿಸುತ್ತಾರೆ, ಮಗಳೆಂದು ಕೇಳಿದರೆ ಆಧಾರ್ ಕಾರ್ಡು ತೋರಿಸುತ್ತಾರೆ. ಕರಿಕೋಟು ಸರ್, ಇದಕ್ಕೆ ಏನಾದರೂ ದಾರಿ ಇದೆಯೇ?

ಕರಿಕೋಟು:

ಮೊದಲು ಅಂಕಪಟ್ಟಿಯ ವಿಷಯ. 2019ರ ಕಾಯ್ದೆಯಡಿ 2020ರ ನಿಯಮಗಳು ಹೊರಬಂದಾಗ ಜಿಲ್ಲಾಧಿಕಾರಿಗೆ ಅರ್ಜಿಯನ್ನೂ ಪ್ರಮಾಣಿತ ಹೇಳಿಕೆಯನ್ನೂ ಕೊಟ್ಟು ಗುರುತಿನ ಪ್ರಮಾಣಪತ್ರ ಪಡೆಯುವ, ಅದರ ಆಧಾರದಲ್ಲಿ ಉಳಿದ ದಾಖಲೆಗಳನ್ನು ತಿದ್ದಿಸುವ ಕ್ರಮವಿತ್ತು. ನೀವು ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಅಲ್ಲಿ ಸಲಹೆಗೆ ಶುಲ್ಕವಿಲ್ಲ. ಶಾಲೆಯ ಪ್ರವೇಶ ದಾಖಲೆಯನ್ನು ತಿದ್ದಿಸದೆ ಪರೀಕ್ಷಾ ಮಂಡಳಿಗೆ ನೇರವಾಗಿ ಹೋದರೆ ಅರ್ಜಿ ಹಿಂದಿರುಗುವ ಸಂಭವ ಹೆಚ್ಚು, ಆದ್ದರಿಂದ ಮುಖ್ಯೋಪಾಧ್ಯಾಯರಿಂದಲೇ ಶುರುಮಾಡಿ. ಏನು ಕೊಟ್ಟರೂ ಸ್ವೀಕೃತಿ ಪಡೆಯಿರಿ, ನಿರಾಕರಿಸಿದರೆ ಬರಹದಲ್ಲಿಯೇ ಕೊಡಲು ಕೇಳಿ. ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಆ ಹಾಳೆಯೇ ಬೇಕು. ಜನನ ಪ್ರಮಾಣಪತ್ರದ ವಿಷಯದಲ್ಲಿ ನಮ್ಮ ಹೈಕೋರ್ಟು 2024ರ ಡಿಸೆಂಬರ್‌ನಲ್ಲಿ, ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡನ್ನೂ ನಮೂದಿಸಿ ಪರಿಷ್ಕೃತ ಪ್ರಮಾಣಪತ್ರ ಕೊಡಬೇಕೆಂದು ಹೇಳಿದೆ. ಹಳೆಯ ಹೆಸರು ಉಳಿಯುತ್ತದೆಂಬ ನೋವು ನಿಮಗಿರಬಹುದು; ಆದರೆ ಎರಡು ಹೆಸರೂ ಒಬ್ಬರದ್ದೇ ಎಂದು ತೋರಿಸಲು ಅದು ನೆರವಾಗುತ್ತದೆ.

ಮಂಗಳವಾರದ ಮನೆಯವರ ಪ್ರಶ್ನೆಗೆ ಉತ್ತರ ಇದಕ್ಕಿಂತ ಸುಲಭ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಬರುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಗಟ್ಟಿಗೊಳಿಸಿದೆ. ಆದ್ದರಿಂದ ನಿಮ್ಮ ಅಣ್ಣನವರನ್ನು ಮಗನೆಂದು ಬರೆದರೂ ಮಗಳೆಂದು ಬರೆದರೂ ಪಾಲಿನ ಅಳತೆ ಬದಲಾಗುವುದಿಲ್ಲ, ಸೀರೆ ತೋರಿಸುವವರ ವಾದವೂ ಆಧಾರ್ ತೋರಿಸುವವರ ವಾದವೂ ನಿಲ್ಲುವುದಿಲ್ಲ. ಮುತ್ತು ಕಟ್ಟಿಸಿಕೊಂಡರೆ ಪಾಲು ಹೋಗುತ್ತದೆಂಬ ಕಾನೂನು ಎಲ್ಲಿಯೂ ಇಲ್ಲ. ಇದೇ ಕಾರಣಕ್ಕೆ ನಿಮಗೂ ಒಂದು ಪಾಲಿದೆ, ಅದನ್ನೂ ಮರೆಯಬೇಡಿ.

ತಡಮಾಡದೆ ನಾಡಕಚೇರಿಗೆ ಲಿಖಿತ ತಕರಾರು ಕೊಡಿ, ಅದರಲ್ಲಿ ಅಣ್ಣನವರ ಎರಡೂ ಹೆಸರುಗಳನ್ನು ಬರೆಯಿರಿ, ಶಾಲೆಯ ವರ್ಗಾವಣೆ ಪತ್ರ ಮತ್ತು ರೇಷನ್ ಕಾರ್ಡಿನ ನಕಲು ಲಗತ್ತಿಸಿ. ಗ್ರಾಮ ಆಡಳಿತಾಧಿಕಾರಿ ಮಹಜರು ಮಾಡಲು ಬಂದ ದಿನ ಅಣ್ಣನವರು ಖುದ್ದಾಗಿ ಹಾಜರಿರಲಿ, ಅವರು ಯಾವ ಉಡುಗೆಯಲ್ಲಿರುತ್ತಾರೋ ಅದರಲ್ಲಿಯೇ. ಅಕ್ಕಪಕ್ಕದ ಹೊಲದವರೂ ಸಹಿ ಹಾಕಿದರೆ ಒಳ್ಳೆಯದು. ಮೇಷ್ಟ್ರೇ, ನೀವು ಅದೇ ಸೀಮೆಯವರಲ್ಲವೇ? ಊರಿನವರು ಸಹಿಗೆ ಹಿಂಜರಿದರೆ ನಿಮ್ಮ ಮಾತು ಅಲ್ಲಿ ನಡೆಯುತ್ತದೆ.

ನಿವೃತ್ತ ಮೇಷ್ಟ್ರು:

ಊರಿನ ಹೆಸರನ್ನು ಇಲ್ಲಿ ಬರೆಯುವುದು ಬೇಡ, ನನಗೆ ಖಾಸಗಿಯಾಗಿ ತಿಳಿಸಿ. ನನ್ನ ವಿದ್ಯಾರ್ಥಿಗಳು ಆ ಕಡೆಯ ಪಂಚಾಯಿತಿಗಳಲ್ಲಿ ಇದ್ದಾರೆ. ಮಹಜರಿನ ದಿನ ಗೊತ್ತಾದರೆ ನಾನೇ ಬರುತ್ತೇನೆ.